ಸಂದರ್ಶನದ ನಂತರದ ಧನ್ಯವಾದ ಪತ್ರ: ಬರೆಯಬೇಕಾದವರು ಅಪ್ಪ ಅಮ್ಮ ಅಲ್ಲ

ಅಮೆರಿಕದ ಖಾಸಗಿ ಶಾಲೆಗಳಲ್ಲಿ ಪ್ರವೇಶ ಸಂದರ್ಶನ ಮುಗಿದ ಮೇಲೆ ಧನ್ಯವಾದ ಹೇಳಿ ನಾಲ್ಕು ಸಾಲು ಕಳುಹಿಸುವುದು ವಾಡಿಕೆ. ಅದರಿಂದ ಸೀಟು ಸಿಗುವುದಿಲ್ಲ, ಕಳುಹಿಸದಿದ್ದರೆ ತಪ್ಪುವುದೂ ಇಲ್ಲ. ಆದರೂ ಕಳುಹಿಸಿ. ಅಲ್ಲಿನ ನಮ್ಮ ಕನ್ನಡ ಮನೆಗಳಲ್ಲಿ ಈ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಪತ್ರವನ್ನು ಅಪ್ಪ ಬರೆಯುತ್ತಾರೆ. ಎಂಟನೇ ತರಗತಿಯ ಹುಡುಗಿಯ ಹೆಸರಿನಲ್ಲಿ, ಬ್ಯಾಂಕ್ ಮ್ಯಾನೇಜರಿಗೆ ಸಾಲ ಕೇಳಿದಂಥ ಅರ್ಜಿ ಹೋಗುತ್ತದೆ.

ಮೊದಲ ಕೆಲಸ ಸುಲಭದ್ದು. ಶಾಲೆಯಿಂದ ಹೊರಡುವ ಮುನ್ನ ಸಂದರ್ಶಕರ ಹೆಸರಿನ ಕಾಗುಣಿತ ಮತ್ತು ಇ-ಮೇಲ್ ವಿಳಾಸ ಗುರುತು ಹಾಕಿಕೊಳ್ಳಿ. ಶಾಲೆ ಸುತ್ತಿಸಿ ತೋರಿಸಿದ ವಿದ್ಯಾರ್ಥಿಯ ಹೆಸರನ್ನೂ ಬಿಡಬೇಡಿ.

ಎಡವುವುದು ಮುಂದಿನ ಹಂತದಲ್ಲಿ. ಕಾರು ಹತ್ತಿದ ಕೂಡಲೇ ‘ಏನು ಕೇಳಿದರು, ನೀನೇನು ಹೇಳಿದೆ’ ಎಂದು ವಿಚಾರಣೆ ಶುರು ಮಾಡಿದರೆ ಮಗು ನಿಮಗೆ ಹಿಡಿಸುವ ಉತ್ತರ ಕಟ್ಟತೊಡಗುತ್ತದೆ; ನಡೆದ ಮಾತು ಮರೆತುಹೋಗುತ್ತದೆ. ಬದಲಿಗೆ ಫೋನ್ ಕೊಟ್ಟು, ನೆನಪಿನಲ್ಲಿ ಉಳಿದ ಎರಡು ಸಂಗತಿ ಬರೆದುಕೊಳ್ಳಲು ಹೇಳಿ. ಪತ್ರ ನಿಲ್ಲುವುದು ಇವುಗಳ ಮೇಲೆಯೇ. ‘ನಿಮ್ಮ ಶಾಲೆಯ ಉತ್ಕೃಷ್ಟ ಶೈಕ್ಷಣಿಕ ವಾತಾವರಣ ನನ್ನನ್ನು ಆಕರ್ಷಿಸಿತು’ ಎಂಬ ಸಾಲನ್ನು ಯಾವ ಶಾಲೆಗೆ ಕಳುಹಿಸಿದರೂ ನಡೆಯುತ್ತದೆ, ಅದಕ್ಕೇ ಅದು ಬೇಡ. ‘ನಾನು ಮೃದಂಗ ಕಲಿಯುತ್ತೇನೆ ಎಂದಾಗ ಎಡಗೈಗೆ ಬೇರೆ ಅಭ್ಯಾಸ ಇದೆಯೇ ಎಂದು ಕೇಳಿದಿರಿ. ಮನೆಗೆ ಬಂದು ಬಾರಿಸುತ್ತಾ ಅದನ್ನೇ ಯೋಚಿಸಿದೆ’ ಎಂಬುದನ್ನು ಆ ಹುಡುಗಿ ಮಾತ್ರ ಬರೆಯಬಲ್ಲಳು. ವಾಕ್ಯ ಸ್ವಲ್ಪ ಸೊಟ್ಟಗಿದ್ದರೆ ಇರಲಿ. ಹೆಸರಿನ ಕಾಗುಣಿತ ಬಿಟ್ಟು ಬೇರೇನನ್ನೂ ತಿದ್ದಬೇಡಿ. ಚಾಟ್‌ಜಿಪಿಟಿಗೆ ಕೊಟ್ಟರೆ ಆ ಸೊಟ್ಟವೂ ಹೋಗುತ್ತದೆ, ಮೃದಂಗವೂ ಹೋಗುತ್ತದೆ.

ಕಳುಹಿಸುವುದು ಮರುದಿನದೊಳಗೆ, ಇ-ಮೇಲಿನಲ್ಲಿ. ಅಂಗಡಿಯಲ್ಲಿ ಸಿಗುವ ಮಿನುಗುಪುಡಿಯ ಕಾರ್ಡುಗಳ ಕಟ್ಟು ಕೊಳ್ಳಬೇಡಿ; ಸಂದೇಶ ಮೊದಲೇ ಅಚ್ಚಾಗಿರುತ್ತದೆ, ಪುಡಿ ಓದುವವರ ಮೇಜಿನ ತುಂಬ ಉದುರುತ್ತದೆ. ಮೈಸೂರು ಪಾಕಿನ ಡಬ್ಬ, ಗಂಧದ ಆನೆ ಖಂಡಿತ ಕೂಡದು. ಉಡುಗೊರೆ ಕಂಡರೆ ಪ್ರವೇಶ ಕಚೇರಿಯವರಿಗೆ ಮುಜುಗರ. ನಿಮ್ಮನ್ನೂ ಮಾತನಾಡಿಸಿದ್ದರೆ ನಿಮ್ಮದು ಬೇರೆ ಪತ್ರ, ಎರಡೇ ಸಾಲು.

ಇದನ್ನು ಕೇಳಿ ಬೆಂಗಳೂರಿನ ನೆಂಟರು ಒಂದನೇ ತರಗತಿಯ ಮಗುವಿಗೂ ಬರೆಸಲು ಹೊರಟರೆ ತಡೆಯಿರಿ. ಪ್ರವೇಶಕ್ಕಾಗಿ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷೆ, ಸಂದರ್ಶನಗಳಿಂದ ಜರಡಿ ಹಿಡಿಯುವುದನ್ನೇ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಅಲ್ಲಿ ಕೇಳಬೇಕಾದದ್ದು ಸಂದರ್ಶನ ಏಕೆ ಎಂದು.

ಧನ್ಯವಾದ ಪತ್ರಕ್ಕೆ ಉತ್ತರ ಬಂದರೆ ಮತ್ತೆ ಬರೆಯಬೇಡಿ. ಅಮೆರಿಕದ ಬಹಳಷ್ಟು ಬೋರ್ಡಿಂಗ್ ಶಾಲೆಗಳು ಮಾರ್ಚ್ 10ರಂದು ಫಲಿತಾಂಶ ತಿಳಿಸಿ ಏಪ್ರಿಲ್ 10ರವರೆಗೆ ಸಮಯ ಕೊಡುತ್ತವೆ. ಒಂದು ಶಾಲೆಯನ್ನು ಒಪ್ಪಿಕೊಂಡ ದಿನವೇ ಉಳಿದವುಗಳಿಗೆ ‘ಬರುವುದಿಲ್ಲ’ ಎಂದು ತಿಳಿಸಿ. ಕಾಯುವ ಪಟ್ಟಿಯಲ್ಲಿರುವ ಇನ್ನೊಂದು ಮಗುವಿಗೆ ಆ ಸೀಟು ಹೋಗಬೇಕು.