ಹೆರಾಲ್ಡ್ ಕಾರಿನ ಮುಂಗಾಲು ಬದಲಿಸಿದ್ದು

ಎರಡು ತಿಂಗಳು ನಾನು ತಪ್ಪು ಜಾಗವನ್ನು ಬಡಿದೆ. ಬಾನೆಟ್ ಮುಚ್ಚಿದರೆ ಬಲಗಡೆಯ ಸಂದಿನಲ್ಲಿ ಹೆಬ್ಬೆರಳು ತೂರುತ್ತಿತ್ತು. ಎಡಗಡೆಯ ಅಂಚು ಕಾರಿನ ಮೈಗೆ ತಾಗಿ ಬಣ್ಣ ಕೆರೆಯುತ್ತಿತ್ತು. ಬಾನೆಟ್ಟೇ ಸೊಟ್ಟಗಾಗಿದೆ ಎಂದುಕೊಂಡು ಬಿಚ್ಚುವುದು, ಮರದ ಸುತ್ತಿಗೆಯಲ್ಲಿ ತಟ್ಟುವುದು, ಕೂರಿಸುವುದು, ಮತ್ತೆ ಬಿಚ್ಚುವುದು. ಒಂದು ಸಂಜೆ ಪರಿಚಯದ ಟಿಂಕರಿಂಗ್ ಮೇಸ್ತ್ರಿ ಬಂದರು. ಬಾನೆಟ್ಟಿನ ಕಡೆ ಅವರು ನೋಡಲೂ ಇಲ್ಲ. ಮೊಣಕಾಲೂರಿ ಬಂಪರಿನ ಕೆಳಗೆ ಟಾರ್ಚ್ ಬಿಟ್ಟು, "ಸಾರ್, ಹೊಸ್ತಿಲು ಕುಸಿದಿದೆ, ನೀವು ಬಾಗಿಲಿಗೆ ಉಳಿ ಹೊಡೆಯುತ್ತಿದ್ದೀರಿ" ಎಂದರು.

ಕಾರು 1966ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರ ಶೆಡ್ಡಿನಲ್ಲಿ ಹಲವು ಮಳೆಗಾಲ ಕಳೆದು ಮೈಸೂರಿನ ನಮ್ಮ ಮನೆಗೆ ಲಾರಿಯ ಮೇಲೆ ಬಂದದ್ದು. 948 ಸಿ.ಸಿ.ಯ ಆ ಪುಟ್ಟ ಎಂಜಿನ್ ಎರಡನೇ ದಿನವೇ ಮಾತನಾಡಿತು. ಮೈ ಮಾತ್ರ ಒಳಗೊಳಗೇ ತಿಂದುಹೋಗಿತ್ತು.

ಹೆರಾಲ್ಡ್‌ಗೆ ಚಾಸಿ, ಅಂದರೆ ಮೈಯನ್ನು ಹೊರುವ ಉಕ್ಕಿನ ಅಡಿಚೌಕಟ್ಟು, ಪ್ರತ್ಯೇಕವಾಗಿದೆ. ಇದಕ್ಕೊಂದು ಕಾರಣವಿದೆ. ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿ ಒದಗಿಸುತ್ತಿದ್ದ ಫಿಷರ್ ಅಂಡ್ ಲಡ್ಲೋ 1953ರಲ್ಲಿ ಎದುರಾಳಿ ಬಿ.ಎಂ.ಸಿ.ಯ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಪಾಲಾಯಿತು. ಹೊಸ ಕಾರಿನ ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿದಾಗ ತುಂಡುತುಂಡಾಗಿ ಮಾಡಿಸಿ ಚಾಸಿಯ ಮೇಲೆ ಬೋಲ್ಟ್ ಹಾಕಿ ಕೂಡಿಸುವ ಉಪಾಯ ಹೂಡಿದರು. ಮೈಕಟ್ಟು ಬರೆದವರು ಇಟಲಿಯ ಟ್ಯೂರಿನ್‌ನ ಮಿಕೆಲೊಟ್ಟಿ. 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಲ್ಲಿ ಬಂದ ಕಾರು 1961ರ ಹೊತ್ತಿಗೆ ಮದರಾಸಿನಲ್ಲಿ ತಯಾರಾಗತೊಡಗಿತು. ಅವರ ಆ ಸಂಕಟವೇ ಇಂದು ನನ್ನಂಥ ಮನೆ ರಿಪೇರಿಯವನಿಗೆ ವರ. ಮಡ್ಗಾರ್ಡು, ಹೆಡ್‌ಲೈಟು, ಮೂತಿ ಎಲ್ಲವೂ ಸೇರಿದ ಇಡೀ ಮುಂಭಾಗ ಒಂದೇ ಬಾನೆಟ್ಟಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ತೊಡಕು ಇರುವುದೂ ಅಲ್ಲಿಯೇ. ಅಷ್ಟು ದೊಡ್ಡ ತಗಡಿನ ಕೀಲುಗಳು ಚಾಸಿಯ ತೀರಾ ಮುಂತುದಿಯಲ್ಲಿವೆ. ಅಲ್ಲಿ ಬೆರಳಗಲ ತಪ್ಪಿದರೆ ಹಿಂದಿನ ಅಂಚು ಎಲ್ಲಿಗೋ ಹೋಗಿ ನಿಲ್ಲುತ್ತದೆ.

ಮೊದಲು ಅಳತೆ. ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ರಸಮಟ್ಟ ಇಟ್ಟು ಸಮ ಮಾಡಿದೆ. ಗಾರೆಯವರ ತೂಗುಗುಂಡನ್ನು ಚಾಸಿಯ ಒಂದೊಂದು ಬೋಲ್ಟ್ ತೂತಿನಿಂದ ಇಳಿಬಿಟ್ಟು, ಗುಂಡಿನ ಮೊನೆ ನಿಂತಲ್ಲಿ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದ ಗುರುತು. ಆಮೇಲೆ ಗುರುತುಗಳ ನಡುವೆ ಕರ್ಣಗಳನ್ನು ಅಳೆಯುವುದು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎರಡೂ ಒಂದೇ ಬರಬೇಕು. ಸಸ್ಪೆನ್ಷನ್ ಕೂರುವ ಜಾಗದವರೆಗೆ ಬಂದವು. ಅಲ್ಲಿಂದ ಮುಂದೆ, ಕೀಲುಗಳನ್ನು ಹೊತ್ತ ಎರಡು ಕಾಲುಗಳಲ್ಲಿ, ಎಡದ್ದು 14 ಮಿ.ಮೀ. ಹಿಂದಕ್ಕೆ, 6 ಮಿ.ಮೀ. ಮೇಲಕ್ಕೆ ಸರಿದಿತ್ತು. ಯಾವುದೋ ಕಾಲದಲ್ಲಿ ಯಾವುದೋ ಮರವೋ ಮೋರಿಯೋ ಕೊಟ್ಟ ಪೆಟ್ಟು. ಬಲಗಾಲು ಜಾಗದಲ್ಲಿಯೇ ಇತ್ತು. ಆದರೆ ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗೆ ಇಳಿಯಿತು. ಒಂದು ಸೊಟ್ಟ, ಒಂದು ಪೊಳ್ಳು.

ಹಾಗಾದರೆ ಸರಿಯಾದ ಅಳತೆಗೆ ಯಾವುದನ್ನು ನಂಬುವುದು? ನಂಜನಗೂಡಿನ ಹತ್ತಿರ ಒಬ್ಬರ ಮನೆಯಲ್ಲಿ ಪೆಟ್ಟು ತಿನ್ನದ ಹೆರಾಲ್ಡ್ ಇದೆ ಎಂದು ತಿಳಿದು ಭಾನುವಾರ ಹೋದೆ. ಹಳೆಯ ಜಮಖಾನ ಹಾಸಿಕೊಂಡು ಅದರ ಕೆಳಗೆ ಮೂರು ಗಂಟೆ ಮಲಗಿದ್ದೆ. ಮನೆಯ ಹಿರಿಯರೊಬ್ಬರು ಕಾಫಿ ತಂದು ಬಂಪರಿನ ಪಕ್ಕ ಇಟ್ಟು, "ಅಲ್ಲಪ್ಪಾ, ಕಾರು ನಿನ್ನದೂ ಅಲ್ಲ, ಕೆಟ್ಟೂ ಇಲ್ಲ, ಅದರಡಿ ಏನು ಹುಡುಕುತ್ತಿದ್ದೀಯ?" ಎಂದರು. ನೋಟ್‌ಬುಕ್ಕಿನಲ್ಲಿ 31 ಅಳತೆಗಳಾದವು. ಆಮೇಲೆ ಬಳಕೆಗೆ ಬಂದದ್ದು ಹತ್ತೋ ಹನ್ನೆರಡೋ.

ಆರ್.ಸಿ. ಪುಸ್ತಕದ ಚಾಸಿ ಸಂಖ್ಯೆ ಕಾರಿನಲ್ಲಿ ಎಲ್ಲಿದೆ ಎಂದು ನೋಡಿ, ನಾನು ಕತ್ತರಿಸುವ ಜಾಗ ಅದರಿಂದ ದೂರವಿದೆ ಎಂದು ಖಾತ್ರಿ ಮಾಡಿಕೊಂಡು ಫೋಟೋ ತೆಗೆದಿಟ್ಟೆ. ಬಿಚ್ಚುವ ಕೆಲಸದಲ್ಲಿ ಹೇಳಲೇಬೇಕಾದವು ಮೂರು ಮಾತು. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಾಗಿ ಒಂದೇ ಕಂಬದಂತೆ ಹೊರಬರುತ್ತವೆ. ಅದರ ತಲೆಯ ನಡುವಿನ ನಟ್ಟನ್ನು ಮುಟ್ಟಬಾರದು, ಅದುಮಿಟ್ಟ ಸ್ಪ್ರಿಂಗು ಮುಖಕ್ಕೇ ಬರುತ್ತದೆ. ಚಕ್ರವನ್ನು ಹಿಡಿದಿಡುವ ಕವೆಯಂಥ ತೋಳು ವಿಶ್‌ಬೋನು; ಕೆಳಗಿನ ವಿಶ್‌ಬೋನಿನ ಹಿಡಿಕೆಗೂ ಚಾಸಿಗೂ ನಡುವೆ ತೆಳು ತಗಡಿನ ಶಿಮ್‌ಗಳಿರುತ್ತವೆ, ಚಕ್ರದ ಓರೆ ನಿಂತಿರುವುದೇ ಅವುಗಳಿಂದ. ಎಷ್ಟಿದ್ದವು, ಎಲ್ಲಿದ್ದವು ಎಂದು ಬರೆದು ಬೇರೆ ಬೇರೆ ಡಬ್ಬಿಗೆ ಹಾಕಬೇಕು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೆಳಗಿನ ಹಿತ್ತಾಳೆಯ ಕೀಲುಗಳಾದ ಟ್ರನಿಯನ್‌ಗಳ ತಿರುಪಿನ ಸುತ್ತು ಎಡಕ್ಕೊಂದು ದಿಕ್ಕು, ಬಲಕ್ಕೊಂದು ದಿಕ್ಕು. ಅದಕ್ಕೆ ಹಾಕಬೇಕಾದದ್ದು ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್. ನನ್ನ ಕಾರಿಗೆ ಯಾರೋ ಗ್ರೀಸನ್ನೇ ತುಂಬಿದ್ದರು, ಅದು ಒಣಗಿ ಮೇಣವಾಗಿತ್ತು.

ಎಂಜಿನ್ನನ್ನೂ ಚೈನ್ ಬ್ಲಾಕಿನಲ್ಲಿ ಇಳಿಸಿದೆ. ಪೆಟ್ರೋಲ್ ಟ್ಯಾಂಕು ಹಿಂದೆ ಡಿಕ್ಕಿಯಲ್ಲಿದ್ದರೂ ಅದರ ಕೊಳವೆ ಚಾಸಿಯ ಉದ್ದಕ್ಕೂ ಬರುತ್ತದೆ. ಆದ್ದರಿಂದ ಎರಡನ್ನೂ ಬರಿದು ಮಾಡಿ ಮನೆಯಿಂದಾಚೆ ಸಾಗಿಸಿದ ಮೇಲೆಯೇ ಗ್ರೈಂಡರ್ ಹಿಡಿದದ್ದು.

ಹೊಸ ಕಾಲುಗಳಿಗೆ 2 ಮಿ.ಮೀ. ತಗಡು ಆರಿಸಿದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಮಡಚಿಸಿದೆ. ಮೊದಲನೇ ಜೋಡಿ ಹಾಳಾಯಿತು. ನಾನು ಕೊಟ್ಟದ್ದು ಹೊರಗಿನ ಅಳತೆ, ಅವರು ತೆಗೆದುಕೊಂಡದ್ದು ಒಳಗಿನದೆಂದು. ಪೆಟ್ಟಿಗೆಯಾಕಾರದ ಕಾಲು 4 ಮಿ.ಮೀ. ಹೆಚ್ಚು ಅಗಲವಾಗಿ ಬಂತು. ನಕ್ಷೆಯಲ್ಲಿ ಒಂದು ಬಾಣದ ಗುರುತು ಹಾಕಿದ್ದರೆ ಸಾಕಿತ್ತು. ಎರಡನೇ ಸಲ ರಟ್ಟಿನಲ್ಲಿ ಮಾದರಿ ಕತ್ತರಿಸಿ, ಮಡಚಿ, ಅದನ್ನೇ ಕೈಗೆ ಕೊಟ್ಟೆ.

ಕತ್ತರಿಸುವ ಮೊದಲೇ ಜಿಗ್ ಬೇಕು. ದಪ್ಪ ಚೌಕ ಪೈಪುಗಳಿಂದ ಒಂದು ಚೌಕಟ್ಟು ಮಾಡಿ, ಹಿಂದಿನ ಭಾಗವನ್ನು ಚಾಸಿಯ ಗಟ್ಟಿ ಜಾಗಕ್ಕೆ ಬೋಲ್ಟ್ ಮಾಡಿ, ಮುಂದಿನ ಭಾಗದಲ್ಲಿ ನಂಜನಗೂಡಿನ ಅಳತೆಗೆ ಸರಿಯಾಗಿ ಕೀಲಿನ ತೂತುಗಳನ್ನು ಕೊರೆದೆ. ಹಳೆಯ ಕಾಲು ಹೋದರೂ ಅದರ ಜಾಗ ಗಾಳಿಯಲ್ಲಿ ಉಳಿದಿರಬೇಕಲ್ಲ. ಜಿಗ್‌ಗೇ ಎರಡು ದಿನ ಹಿಡಿಯಿತು, ಕತ್ತರಿಸಲು ಇಪ್ಪತ್ತು ನಿಮಿಷ.

ಎಡಗಾಲು ಬಿದ್ದಾಗ ಒಳಗಿನ ಕಥೆ ತಿಳಿಯಿತು. ಹೊರಗೆ ಟಾರ್, ಅದರಡಿ ಒಂದು ತೇಪೆ. ತೇಪೆಯನ್ನು ಉಳಿಯಿಂದ ಎಬ್ಬಿಸಿ ಹಿಂದು ಮುಂದು ಮಾಡಿದರೆ ಹಳದಿ ಬಣ್ಣ, ಅದರ ಮೇಲೆ ಹಸಿರು ತಾಳೆಮರದ ಅರ್ಧ. ಡಾಲ್ಡಾ ಡಬ್ಬಿಯ ತಗಡು! ಅಂಚಿನ ಸುತ್ತ ಹಿತ್ತಾಳೆಯ ಬೆಸುಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಬೈಯಲು ಮನಸ್ಸು ಬರಲಿಲ್ಲ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು, "ಕೈ ಒಳ್ಳೆಯದು ಸಾರ್, ಕಬ್ಬಿಣ ಸಿಕ್ಕಿಲ್ಲ ಅಷ್ಟೆ" ಎಂದರು.

ಕೂಡಿಸುವಾಗ ನೇರ ಗೆರೆಯಲ್ಲಿ ಕತ್ತರಿಸಿ ತುದಿಗೆ ತುದಿ ಅಂಟಿಸಲಿಲ್ಲ. ಪೆಟ್ಟಿಗೆಯ ನಾಲ್ಕು ಮಗ್ಗುಲನ್ನೂ ಹಿಂದೆ ಮುಂದೆ ಕತ್ತರಿಸಿ ಮೆಟ್ಟಿಲಾಗಿಸಿ, ಒಳಗೆ ಗೇಣುದ್ದದ ತೋಳು ತೂರಿಸಿ, ಹೊರಗೆ ತೂತು ಕೊರೆದು ಅವುಗಳ ಮೂಲಕವೂ ವೆಲ್ಡ್ ತುಂಬಿದೆ. ತಂತಿಯನ್ನೇ ಕರಗಿಸಿ ಬೆಸೆಯುವ ಮಿಗ್ ಯಂತ್ರ, 0.8 ಮಿ.ಮೀ. ತಂತಿ. ಒಂದು ಸಲಕ್ಕೆ ಒಂದಂಗುಲಕ್ಕಿಂತ ಹೆಚ್ಚಿಲ್ಲ, ಮೇಲೊಂದು ಕೆಳಗೊಂದು, ಎಡಕ್ಕೊಂದು ಬಲಕ್ಕೊಂದು. ಕೈ ಇಟ್ಟರೆ ತಾಳುವಷ್ಟು ಆರಿದ ಮೇಲೆ ಮುಂದಿನದು. ಹೀಗೆ ಹೇಳುವ ನಾನೇ ಬಲಗಾಲಿನಲ್ಲಿ, ಮಳೆ ಬರುವ ಮೊದಲು ಮುಗಿಸುವ ಆತುರಕ್ಕೆ, ಮೇಲ್ಮೈಯನ್ನು ಒಂದೇ ಉಸಿರಿಗೆ ಎಳೆದುಬಿಟ್ಟೆ. ಜಿಗ್ ಬಿಚ್ಚಿದಾಗ ತುದಿ 3 ಮಿ.ಮೀ. ಮೇಲೆದ್ದಿತ್ತು. ಬೆಸುಗೆ ಆರುವಾಗ ಕುಗ್ಗಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆ ಗೆರೆಯನ್ನು ಕೊರೆದು ತೆಗೆದು, ಜಿಗ್ ಮತ್ತೆ ಬಿಗಿದು, ಈ ಸಲ ಕೆಳಮೈಯಿಂದ ಶುರು ಮಾಡಿದೆ. ಒಂದು ಮಿಲಿಮೀಟರ್ ಉಳಿಯಿತು. ಅದನ್ನು ಕೀಲಿನ ಬೋಲ್ಟುಗಳು ನುಂಗಿಕೊಳ್ಳುತ್ತವೆ.

ಹೊರಗೆ ರೆಡ್ ಆಕ್ಸೈಡ್ ಹಚ್ಚಿದೆ. ಒಳಗೆ ಹಚ್ಚಿದ್ದ ಸತುವಿನ ಪ್ರೈಮರ್ ಬೆಸುಗೆಯ ಹತ್ತಿರವೆಲ್ಲ ಸುಟ್ಟುಹೋಗಿರುತ್ತದೆ. ಅದಕ್ಕೆಂದು ಉದ್ದ ನಳಿಗೆಯಲ್ಲಿ ಒಳಗೆಲ್ಲ ಮೇಣ ಸಿಂಪಡಿಸಿ, ಕೆಳಗೆ ನೀರಿಳಿಯುವ ತೂತನ್ನು ಕಡ್ಡಿಯಿಂದ ಬಿಡಿಸಿದೆ.

ಬಾನೆಟ್ಟನ್ನು ಮೇಸ್ತ್ರಿಯೂ ನಾನೂ ಎತ್ತಿ ತಂದೆವು. ಕೀಲು ಸಡಿಲವಾಗಿಯೇ ಇಟ್ಟು ಮುಚ್ಚಿ, ಹಿಂದಿನ ಸಂದುಗಳಲ್ಲಿ ಪ್ಲೈವುಡ್ ಚೂರು ಸಿಕ್ಕಿಸಿ ಸಮ ಮಾಡಿ, ಆಮೇಲೆ ಒಂದೊಂದೇ ಬೋಲ್ಟ್ ಬಿಗಿ. ಬಲಗಡೆಯ ಕ್ಲಿಪ್ಪು ಬೆರಳಿಗೇ ಬಿತ್ತು. ಎಡಗಡೆಯದಕ್ಕೆ ಅಂಗೈಯಿಂದ ಒಂದು ಗುದ್ದು ಬೇಕು. ಎರಡು ತಿಂಗಳು ನಾನು ತಟ್ಟಿದ್ದು ಆ ಮೂಲೆಯನ್ನೇ. ತಟ್ಟಿ ಕೆಡಿಸಿದ್ದನ್ನು ಈಗ ತಟ್ಟಿ ಸರಿಮಾಡಬೇಕಿದೆ. ಮೇಸ್ತ್ರಿಗೆ ಮುಂದಿನ ವಾರ ಬಿಡುವಿದೆಯಂತೆ. ಅಲ್ಲಿಯವರೆಗೆ ಮರದ ಸುತ್ತಿಗೆ ತಮ್ಮ ಬಳಿಯೇ ಇರಲಿ ಎಂದು ತೆಗೆದುಕೊಂಡು ಹೋಗಿದ್ದಾರೆ.