ಪವರ್ ವಿಂಡೋ ಮೇಲೇಳದಿದ್ದರೆ ಮೋಟಾರೇ ಕೆಟ್ಟಿರಬೇಕೆಂದಿಲ್ಲ

ನಮ್ಮ ಹಳೆಯ ಕಾರಿನ ಎಡ ಮುಂಬಾಗಿಲ ಗ್ಲಾಸ್ ಅರ್ಧಕ್ಕೆ ಜಾರಿ ನಿಂತಿತ್ತು. ಸ್ವಿಚ್ ಒತ್ತಿದರೆ ಒಳಗೆ ಗರಗರ ಸದ್ದು. ಸದ್ದಿದ್ದರೆ ಫ್ಯೂಸ್, ಸ್ವಿಚ್, ಮೋಟಾರು ಬಹುಮಟ್ಟಿಗೆ ಸರಿಯಿವೆ ಎಂದರ್ಥ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ಮೋಟಾರಿನ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯೇ ಅಳೆಯಿರಿ.

ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಹಿಡಿಕೆಯ ಹಿಂದಿನ ಸ್ಕ್ರೂ ಬಿಚ್ಚಿ, ಡೋರ್ ಪ್ಯಾಡನ್ನು ಕೆಳಗಿನಿಂದ ಎಬ್ಬಿಸಿದೆ. ಗ್ಲಾಸನ್ನು ಮೇಲೆ ಕೆಳಗೆ ಸರಿಸುವ ರೆಗ್ಯುಲೇಟರಿನ ಉಕ್ಕಿನ ಕೇಬಲ್ ಎಳೆಎಳೆಯಾಗಿ ಹರಿದಿತ್ತು. ಪ್ಲಾಸ್ಟಿಕ್ ರಾಟೆಯೂ ಒಡೆದಿತ್ತು. ಬರೀ ಕೇಬಲ್ ಹಾಕಿಸುವವರೂ ಇದ್ದಾರೆ, ನನಗದು ಒಪ್ಪಿಗೆಯಾಗಲಿಲ್ಲ. ರಾಟೆ ಒಡೆದಿರುವಾಗ ಹೊಸ ಕೇಬಲ್ ಬಾಳುವುದಿಲ್ಲ. ಇಡೀ ರೆಗ್ಯುಲೇಟರ್ ತಂದು, ಹಳೆಯ ಮೋಟಾರನ್ನೇ ಅದಕ್ಕೆ ಕೂರಿಸಿದೆ.

ಬಿಚ್ಚುವ ಮುಂಚೆ ಗ್ಲಾಸನ್ನು ಮೇಲೆತ್ತಿ ಅಗಲ ಟೇಪಿನಿಂದ ಚೌಕಟ್ಟಿಗೆ ಬಿಗಿಯಾಗಿ ಅಂಟಿಸಿ. ಇದೊಂದನ್ನು ಬಿಡಲೇಬೇಡಿ, ಕೈ ಒಳಗಿರುವಾಗ ಗ್ಲಾಸ್ ಜಾರಿದರೆ ಅಪಾಯ. ಜೋಡಿಸುವಾಗ ಬೋಲ್ಟ್‌ಗಳನ್ನು ಸಡಿಲವಾಗಿಟ್ಟು, ಬ್ಯಾಟರಿ ಕೊಟ್ಟು, ಗ್ಲಾಸ್ ಪೂರ್ತಿ ಮೇಲೇರಿ ನೇರ ಕೂತ ಮೇಲಷ್ಟೇ ಬಿಗಿ ಮಾಡಿದೆ. ಗ್ಲಾಸ್ ಜಾರುವ ರಬ್ಬರ್ ಚಾನಲ್ಲಿಗೆ ಗ್ರೀಸ್ ಬೇಡ, ಸಿಲಿಕೋನ್ ಸ್ಪ್ರೇ ಸಾಕು. ಒಣಗಿ ಗಟ್ಟಿಯಾದ ರಬ್ಬರು ಗ್ಲಾಸನ್ನು ಹಿಡಿದರೆ ಆ ಭಾರವೆಲ್ಲ ಕೇಬಲ್ ಮೇಲೆಯೇ ಬೀಳುತ್ತದೆ.

ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಬ್ಯೂಟೈಲ್ ಟೇಪಿನಿಂದ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಮತ್ತೆ ಅಂಟಿಸಿದೆ. ಎಷ್ಟೋ ಕಡೆ ಅದನ್ನು ಹರಿದು ಬಿಸಾಡುತ್ತಾರೆ. ಹಾಗೆ ಮಾಡಿದರೆ ಮಳೆಗಾಲದಲ್ಲಿ ನೀರು ಬಾಗಿಲಡಿಯ ರಂಧ್ರಕ್ಕೆ ಹೋಗದೆ ಕಾಲಬುಡದ ಮ್ಯಾಟಿಗೆ ಇಳಿಯುತ್ತದೆ.