ಡಿವಿಡಿ ರೈಟರ್ ಕಾಣಿಸ್ತಿಲ್ವಾ? ಡ್ರೈವರ್ ಹುಡುಕೋಕೆ ಮುಂಚೆ ಇಷ್ಟು ಮಾಡಿ

ಹಳೇ ಫೋಟೊಗಳನ್ನೆಲ್ಲ ಡಿವಿಡಿಗೆ ಹಾಕಿಡೋಣ ಅಂತ ಕೂತಿರುತ್ತೀರಿ. ನೋಡಿದರೆ ಡ್ರೈವೇ ಕಾಣಿಸುವುದಿಲ್ಲ. ಕೂಡಲೇ ನೆಟ್‌ನಲ್ಲಿ ‘ಡಿವಿಡಿ ರೈಟರ್ ಡ್ರೈವರ್’ ಅಂತ ಹುಡುಕಬೇಡಿ. ಸಿಕ್ಕಿದ್ದನ್ನು ಹಾಕಿಕೊಂಡು ಹೊಸ ತಲೆನೋವು ತಂದುಕೊಳ್ಳುವವರೇ ಜಾಸ್ತಿ.

ಡ್ರೈವರ್ ಅಂದರೆ ಕಂಪ್ಯೂಟರ್‌ಗೂ ಸಾಧನಕ್ಕೂ ಮಾತು ಕೂಡಿಸುವ ಸಾಫ್ಟ್‌ವೇರ್. ಪ್ರಿಂಟರ್‌ಗೆ ಕಂಪನಿಯದೇ ಡ್ರೈವರ್ ಬೇಕಾಗಬಹುದು, ಡಿವಿಡಿ ರೈಟರ್‌ಗೆ ಬೇಡ. ಯಾವ ಕಂಪನಿಯ ರೈಟರ್ ಆದರೂ ಎಂಎಂಸಿ ಅನ್ನುವ ಒಂದೇ ಬಗೆಯ ಆದೇಶಗಳನ್ನು ಕೇಳುತ್ತದೆ. ಅವನ್ನು ಕಳಿಸುವ ಡ್ರೈವರ್ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಮೊದಲಿನಿಂದಲೇ ಇರುತ್ತದೆ. ಸಿಡಿ ಬರೆಯುವ ಸೌಲಭ್ಯ ಕೂಡ 2001ರ ವಿಂಡೋಸ್ ಎಕ್ಸ್‌ಪಿಯಿಂದಲೇ ಒಳಗೇ ಬಂದಿದೆ, ಡಿವಿಡಿ ಬರೆಯುವುದು ಅದರ ನಂತರದ ವಿಸ್ತಾದಿಂದ.

ಮೊದಲು ಕೇಬಲ್ ನೋಡಿ. ಹೊರಗಿನಿಂದ ಚುಚ್ಚುವ ತೆಳು ಡ್ರೈವ್ ಆದರೆ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರ್‌ಗೇ ಹಾಕಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಆದರೆ 900. ಓದುವುದಕ್ಕಿಂತ ಬರೆಯುವಾಗ ಲೇಸರ್‌ಗೆ ಹೆಚ್ಚು ಕರೆಂಟ್ ಬೇಕು. ಚೆನ್ನಾಗಿ ಓದುವ ಡ್ರೈವ್ ಬರೆಯುವಾಗ ಅರ್ಧಕ್ಕೇ ಕೈಕೊಟ್ಟರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಆಮೇಲೆ ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ (ಕಂಪ್ಯೂಟರ್‌ನ ಸಾಧನಗಳ ಪಟ್ಟಿ) ತೆರೆಯಿರಿ. ಡ್ರೈವ್ ಹೆಸರಿನ ಪಕ್ಕ ಹಳದಿ ಗುರುತು ಇದೆಯಾ? ರೈಟ್ ಕ್ಲಿಕ್ ಮಾಡಿ, ಅನ್‌ಇನ್‌ಸ್ಟಾಲ್ ಕೊಟ್ಟು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ವಿಂಡೋಸ್ ತಾನೇ ಡ್ರೈವರ್ ಹಾಕಿಕೊಳ್ಳುತ್ತದೆ. ಎಷ್ಟೋ ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ.

ಆದರೂ ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್‌ಗೆ ಕೋಡ್ 19 ಅಥವಾ 39 ಅನ್ನುವ ದೋಷ ಬಂದರೆ ಕಳ್ಳ ಬೇರೆ ಕಡೆ ಇದ್ದಾನೆ. ಹಳೇ ಬರ್ನಿಂಗ್ (ಡಿಸ್ಕ್ ಬರೆಯುವ) ಸಾಫ್ಟ್‌ವೇರ್‌ಗಳು ಡ್ರೈವರ್‌ನ ಮೇಲೆ, ಕೆಳಗೆ ತಮ್ಮದೊಂದು ಫಿಲ್ಟರ್, ಅಂದರೆ ಮಧ್ಯೆ ನಿಲ್ಲುವ ಪುಟ್ಟ ಡ್ರೈವರ್, ಕೂರಿಸುತ್ತವೆ. ಸಾಫ್ಟ್‌ವೇರ್ ತೆಗೆದರೂ ಫಿಲ್ಟರ್‌ನ ಹೆಸರು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಉಳಿದುಬಿಡುತ್ತದೆ. ಇಲ್ಲದ ಫೈಲನ್ನು ಹುಡುಕಿ ಹುಡುಕಿ ಡ್ರೈವ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ರಿಜಿಸ್ಟ್ರಿ ಎಡಿಟರ್‌ನಲ್ಲಿ ಹೆಚ್‌ಕೀ ಲೋಕಲ್ ಮೆಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಹೀಗೆ ಒಳಗೆ ಹೋಗಿ. 4ಡಿ36ಇ965 ಅಂತ ಶುರುವಾಗುವ ಫೋಲ್ಡರ್ ಹುಡುಕಿ. ಕೊನೇ ಅಂಕಿ ಎರಡು ಸಲ ನೋಡಿ! 967 ಅಂತ ಇರುವುದು ಹಾರ್ಡ್ ಡಿಸ್ಕ್‌ನದು. ಅಲ್ಲಿ ಕೈಹಾಕಿದರೆ ಕಂಪ್ಯೂಟರ್ ಆನ್ ಆಗದೇ ಹೋಗಬಹುದು. ಸರಿಯಾದ ಫೋಲ್ಡರನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಬಲಗಡೆ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಇದ್ದರೆ ಅಳಿಸಿ, ರೀಸ್ಟಾರ್ಟ್ ಮಾಡಿ. ಆಮೇಲೆ ಯಾವುದಾದರೂ ಬರ್ನಿಂಗ್ ಸಾಫ್ಟ್‌ವೇರ್ ಮುನಿಸಿಕೊಂಡರೆ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಿದರಾಯಿತು.

ಲಿನಕ್ಸ್‌ನವರಿಗೆ ಇಷ್ಟು ಗೋಳಿಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) 2.4ರ ಕಾಲದಲ್ಲಿ ಐಡಿಇ ರೈಟರನ್ನು ಸ್ಕಸಿ ಡ್ರೈವ್ ಅಂತ ನಂಬಿಸಬೇಕಿತ್ತು; ಇವೆರಡೂ ಡ್ರೈವ್ ಜೋಡಿಸುವ ಬೇರೆ ಬೇರೆ ಬಗೆಗಳು. 2.6 ಬಂದ ಮೇಲೆ ಆ ನಾಟಕ ಬೇಕಿಲ್ಲ. ಈಗ ಪ್ರಾಕ್, ಸಿಸ್, ಡೆವ್, ಸಿಡಿರಾಮ್ ಫೋಲ್ಡರ್‌ಗಳ ಒಳಗಿನ ಇನ್ಫೋ ಫೈಲ್ ತೆರೆದು ನೋಡಿ. ‘ಕ್ಯಾನ್ ರೈಟ್ ಡಿವಿಡಿ-ಆರ್’ ಎದುರು 1 ಇದ್ದರೆ ಡ್ರೈವ್‌ಗೆ ಬರೆಯಲು ಬರುತ್ತದೆ, 0 ಇದ್ದರೆ ಇಲ್ಲ. 1 ಇದ್ದೂ ಬರೆಯಲು ಬಿಡದಿದ್ದರೆ ನಿಮ್ಮ ಹೆಸರು ಸಿಡಿರಾಮ್ ಗುಂಪಿನಲ್ಲಿ ಇದೆಯಾ ನೋಡಿ.

ಡ್ರೈವ್ ಕಾಣುತ್ತದೆ, ಓದುತ್ತದೆ, ಒಂದು ಕಂಪನಿಯ ಡಿಸ್ಕ್ ಮಾತ್ರ ಬರೆಯುವುದಿಲ್ಲ ಅಂದರೆ ಸುಮ್ನೆ ಡ್ರೈವರನ್ನು ಬೈಯಬೇಡಿ. ಯಾವ ಡಿಸ್ಕ್‌ಗೆ ಲೇಸರ್ ಎಷ್ಟು ಜೋರಾಗಿ ಹಾಯಿಸಬೇಕು ಅನ್ನುವ ಲೆಕ್ಕ ಡ್ರೈವ್‌ನ ಫರ್ಮ್‌ವೇರ್‌ನಲ್ಲಿ, ಅಂದರೆ ಅದರೊಳಗೇ ಇರುವ ಸಾಫ್ಟ್‌ವೇರ್‌ನಲ್ಲಿ, ಇರುತ್ತದೆ. ಬೇರೆ ಕಂಪನಿಯ ಡಿಸ್ಕ್ ಹಾಕಿ, ವೇಗ ಕಡಿಮೆ ಮಾಡಿ, ಇನ್ನೊಂದು ಸಲ ಬರೆದು ನೋಡಿ.